ರಜಿಸ್ಟರಿನ ಖಾಲಿ ಕಾಲಂ

ಮುತ್ತವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಎರಡೇ ಸಲ. ಮೊದಲನೆಯದು ಹದಿನೇಳನೆಯ ವಯಸ್ಸಿನಲ್ಲಿ, ಗುಡೂರಿನಿಂದ ಇಳಕಲ್ಲಿಗೆ ಸೊಸೆಯಾಗಿ ಬಂದ ದಿನ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಕೂಡಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರು. "ಕೆಂಪು ಸೆರಗಿನ ಸೀರಿ ಉಟ್ಟೇನಿ, ಯಮನೂರಪ್ಪನವರ ಹೊಸ್ತಿಲ ಮೆಟ್ಟೇನಿ" ಎಂದು ಅವಳು ತಲೆ ತಗ್ಗಿಸಿ ಹೇಳಿದಳು. ಎಲ್ಲರೂ ಕೇಕೆ ಹಾಕಿ ನಕ್ಕು ದಾರಿ ಬಿಟ್ಟರು.

ಎರಡನೆಯ ಸಲ ಹೇಳಿದ್ದು ಇಪ್ಪತ್ತೆರಡು ವರ್ಷಗಳ ನಂತರ, ಊರಿನ ಕಲ್ಯಾಣಮಂಟಪದಲ್ಲಿ, ಕೈಯಲ್ಲಿ ಚಹದ ಕಿಟ್ಲಿ ಹಿಡಿದುಕೊಂಡು, ನೂರಕ್ಕೂ ಹೆಚ್ಚು ಗಂಡಸರ ಎದುರು. ಆಗ ಪ್ರಾಸ ಇರಲಿಲ್ಲ.

ಮಧ್ಯದ ಇಪ್ಪತ್ತೆರಡು ವರ್ಷ ಆ ಹೆಸರು ಅವಳ ನಾಲಿಗೆಯ ಮೇಲೆ ಬರಲಿಲ್ಲ. ಸಾಲೆಯಲ್ಲಿ ಕೇಳಿದರೆ ಮಗಳು ಸುಮಾ ಹೇಳುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಕೇಳಿದರೆ ಸಾಲಿನಲ್ಲಿ ಹಿಂದೆ ನಿಂತವರು ಹೇಳುತ್ತಿದ್ದರು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಗುರುಲಿಂಗವ್ವ ಮೊದಲ ವಾರವೇ ತಿಳಿಸಿದ್ದಳು. ಹೆಂಡತಿಯ ಆಯುಷ್ಯ ಯಾವುದರಿಂದ ಕಡಿಮೆಯಾಗುತ್ತದೆ ಎಂದು ಆ ಮನೆಯಲ್ಲಿ ಯಾರೂ ಯೋಚಿಸಿದವರಲ್ಲ.

ಇಳಕಲ್ ಸೀರೆ ಯಾರು ನೇಯುತ್ತಾರೆ ಎಂದು ಕೇಳಿದರೆ ಊರು ಗಂಡಸಿನ ಹೆಸರನ್ನೇ ಹೇಳುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುವವನು ಅವನು, ಆದ್ದರಿಂದ ನೇಕಾರ ಅವನು. ಆದರೆ ಆ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆಯ ಕುಣಿಕೆಯೊಳಗೆ ಎಳೆ ತೂರಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದೊಂದು ಸೀರೆಗೂ ಹೊಸದಾಗಿ ಸಾವಿರಾರು ಕೊಂಡಿ. ಯಮನೂರಪ್ಪನ ಮನೆಯಲ್ಲಿ ಅಷ್ಟನ್ನೂ ಹಾಕುತ್ತಿದ್ದವಳು ಮುತ್ತವ್ವ. ರೊಟ್ಟಿ ಬಡಿದು, ಎಮ್ಮೆಯ ಹಾಲು ಹಿಂಡಿ, ಕಂಡಿಕೆಗೆ ನೂಲು ಸುತ್ತಿಟ್ಟು, ಆಮೇಲೆ ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ ಕೊಂಡಿಗೆ ಕೂಡುತ್ತಿದ್ದಳು. ಅವಳು ಹಾಕಿ ಮುಗಿಸುವವರೆಗೆ ಯಮನೂರಪ್ಪನಿಗೆ ಕೆಲಸವಿಲ್ಲ. ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದ. "ನಿನ್ನಿಂದ ಮಗ್ಗ ನಿಂತೈತಿ" ಎಂದು ಒಳಗೆ ಕೂಗುತ್ತಿದ್ದ. ಮಗ್ಗ ನಡೆಯುವಾಗ ಮಾತ್ರ "ನಿನ್ನಿಂದ ನಡೆದೈತಿ" ಎಂದು ಅವನು ಕೂಗಿದ್ದಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಮುತ್ತವ್ವನ ಮೂರು ದಿನದ ಮುಟ್ಟು ಹತ್ತು ದಿನದ್ದಾಯಿತು. ಹೊರಗಾದ ಹೆಂಗಸು ಮಗ್ಗ ಮುಟ್ಟುವಂತಿಲ್ಲ, ಹಾಸು ದಾಟುವಂತಿಲ್ಲ. ಬಚ್ಚಲು ತಿಕ್ಕಬಹುದು, ಕೌದಿ ಒಗೆಯಬಹುದು, ಕಟ್ಟಿಗೆ ಒಡೆಯಬಹುದು, ಸೆಗಣಿ ಬಳಿಯಬಹುದು. ಮೈಲಿಗೆಯೂ ಆ ಮನೆಯಲ್ಲಿ ಕೆಲಸ ನೋಡಿಕೊಂಡೇ ಅಂಟುತ್ತಿತ್ತು. ಹತ್ತು ದಿನವೂ ಕೊಂಡಿ ಹಾಕಲು ಸುಮಾ ಹುನಗುಂದದ ಕಾಲೇಜು ಬಿಟ್ಟು ಮನೆಯಲ್ಲಿ ಉಳಿಯಬೇಕಾಯಿತು. ಅವಳ ಕೈ ಇನ್ನೂ ಪಳಗಿರಲಿಲ್ಲ. ದೀಪಾವಳಿ ಹತ್ತಿರವಿತ್ತು, ಅಂಗಡಿಯವರು ಸೀರೆಗಾಗಿ ಬಾಗಿಲಿಗೆ ಬರುತ್ತಿದ್ದರು.

ಯಮನೂರಪ್ಪ ಹೆಂಡತಿಯನ್ನು ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಕಾಗದ ನೋಡಿ, ಅವಳನ್ನು ಬಿಟ್ಟು ಅವನ ಕಡೆ ತಿರುಗಿದರು.

"ಗಂಟೈತಿ. ಚೀಲ ತಗಸಿಬಿಡ್ರಿ. ಮಕ್ಕಳಾಗ್ಯಾವಲ್ಲ, ಇನ್ನೇನು ಮಾಡ್ತೀರಿ ಇಟ್ಕೊಂಡು?"

ಯಮನೂರಪ್ಪ ಒಂದೇ ಪ್ರಶ್ನೆ ಕೇಳಿದ. "ಆಮ್ಯಾಲೆ ಹೊರಗ ಕೂಡೂದು ಇರೂದಿಲ್ಲಲ್ರಿ?"

"ಜನ್ಮದಾಗ ಇರೂದಿಲ್ಲ. ಹದಿನೈದು ದಿನಕ್ಕ ಮೊದಲಿನಂಗ ಕೆಲಸಾ ಮಾಡ್ತಾರ."

ಆಪರೇಶನ್ನಿಗೆ ಒಂದು ಗುರುವಾರ ಗೊತ್ತಾಯಿತು. ಮಗ್ಗ ನಿಲ್ಲಬಾರದೆಂದು ಅವಳ ಗರ್ಭಚೀಲವನ್ನೇ ಕೊಯ್ದು ತೆಗೆಯಲು ಇಬ್ಬರು ಗಂಡಸರು ನಾಲ್ಕು ಮಾತಿನಲ್ಲಿ ತೀರ್ಮಾನಿಸಿದರು. ಬಸ್ಸಿನಲ್ಲಿ ಮರಳಿ ಬರುವಾಗ ಮುತ್ತವ್ವನ ತಲೆಯಲ್ಲಿ ಓಣಿಯ ಶಾರವ್ವನೇ ಇದ್ದಳು. ಮೂವತ್ತೆರಡಕ್ಕೆ ಚೀಲ ತೆಗೆಸಿದ ಶಾರವ್ವನಿಗೆ ಈಗ ಮೂವತ್ತನಾಲ್ಕು. ಮೈಯೆಲ್ಲ ಧಗಧಗ ಎನ್ನುತ್ತದೆ ಎಂದು ಚಳಿಗಾಲದಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸೊಂಟ ಹಿಡಿದು, ಗೋಡೆಗೆ ಒರಗದೆ ಕೂಡಲಾರಳು. ಅವಳ ಡಾಕ್ಟರೂ ಹದಿನೈದೇ ದಿನ ಎಂದಿದ್ದರು.

ಯಾರನ್ನು ಕೇಳಬೇಕು? ಹೆಂಗಸರಿಗೆ ಅದಕ್ಕೆ ಇಳಕಲ್ಲಿನಲ್ಲಿ ಆಗ ಒಂದೇ ಜಾಗವಿತ್ತು.

ಇಮಾಮಸಾಬ ಗಡಿಯಾರ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲಿ ಅವನ ಮಗಳು ನಿಖತ ಮೂರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದಿದ್ದಳು. ಬಿ.ಕಾಂ. ಓದಿದ ಹುಡುಗಿ, ಮಾತು ಚುರುಕು. ಮೇ ತಿಂಗಳಲ್ಲಿ ಸುಮಾಳ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಹೋದಾಗಲೇ ಮುತ್ತವ್ವನಿಗೆ ಅವಳ ಪರಿಚಯ. ಮಧ್ಯಾಹ್ನ ಎರಡರಿಂದ ನಾಲ್ಕು ಹೆಂಗಸರ ಹೊತ್ತು ಎಂದು ನಿಖತ ಮಾಡಿಟ್ಟಿದ್ದಳು. ಆ ಹೊತ್ತಿಗೆ ಅವಳ ತಾಯಿ ಲಾಡಬಿ ಬಾಗಿಲಿಗೆ ಒಂದು ಹಳೇ ಸೀರೆಯ ಪರದೆ ಎಳೆದು, ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತ ಕೂಡುತ್ತಿದ್ದಳು. ದುಬೈಯಲ್ಲಿದ್ದ ಗಂಡನ ಪತ್ರ ನೋಡಲು ಒಬ್ಬಳು, ಟೀಚರ್ ಕೆಲಸದ ಅರ್ಜಿ ತುಂಬಲು ಇನ್ನೊಬ್ಬಳು, ಹೀಗೆ ಶಾರವ್ವನೂ ಸೇರಿ ಹದಿನಾಲ್ಕು ಮಂದಿ ಬಂದು ಹೋಗುತ್ತಿದ್ದರು.

ಮುತ್ತವ್ವನಿಗೆ ಬರಲು ಬಿಡುವು ಸಿಕ್ಕಿದ್ದು ಹೊರಗಾದ ದಿನಗಳಲ್ಲೇ. ಕೊಂಡಿ ಮುಟ್ಟುವಂತಿಲ್ಲವಲ್ಲ, ಒಗೆಯಾಣ ಮುಗಿಸಿದರೆ ಎರಡು ತಾಸು ಯಾರೂ ಅವಳನ್ನು ಹುಡುಕುತ್ತಿರಲಿಲ್ಲ. ಸ್ಕ್ಯಾನಿಂಗಿನ ಕಾಗದವನ್ನು ಸೀರೆಯ ನಿರಿಗೆಯಲ್ಲಿಟ್ಟುಕೊಂಡು ಹೋದಳು.

"ತಂಗಿ, ಇದರಾಗ ಏನು ಬರದೈತಿ ಅಂತ ನಿನ್ನ ಡಬ್ಬಿಗೆ ಕೇಳು. ಖರೇನ ತಗೀಬೇಕಂತೇನು?"

ನಿಖತ ಇಂಗ್ಲಿಷಿನಲ್ಲಿ ಹುಡುಕಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದಳು. ಫೋನಿನ ಲೈನು ಎರಡು ಸಲ ಕಡಿಯಿತು, ಕರೆಂಟು ಒಂದು ಸಲ ಹೋಯಿತು. ಕೊನೆಗೆ, ಹೆಂಗಸರ ಪ್ರಶ್ನೆಗಳಿಗೆ ಈಮೇಲಿನಲ್ಲಿ ಉತ್ತರ ಕೊಡುವ ಪುಣೆಯ ಒಬ್ಬ ಡಾಕ್ಟರಮ್ಮ ಸಿಕ್ಕರು. ಶುಕ್ರವಾರ ಇಬ್ಬರೂ ಕೂತು ಬರೆದರು. ಗಂಟಿನ ಅಳತೆ, ವಯಸ್ಸು, ಎಷ್ಟು ದಿನ, ಎಷ್ಟು ಬಟ್ಟೆ. ಎಷ್ಟು ಬಟ್ಟೆ ಎಂದು ನಿಖತ ಕೇಳಿದಾಗ ಮುತ್ತವ್ವ ಮೊದಲ ಸಲ ಅದನ್ನು ಬಾಯಿಬಿಟ್ಟು ಎಣಿಸಿದಳು. ಹಾಗೆ ಕೇಳಿದವರು ಈವರೆಗೆ ಯಾರೂ ಇರಲಿಲ್ಲ.

ಹೊರಗಾದ ಕೊನೆಯ ದಿನವಾದ ಸೋಮವಾರ ನೋಡಿದಾಗ ಉತ್ತರ ಬಂದಿರಲಿಲ್ಲ.

ಮಂಗಳವಾರ ಪೊಲೀಸರು ಬಂದರು.

ಸರಕಾರದ ಹೊಸ ನಿಯಮ ಎಂದು ಠಾಣೆಯವರು ಒಂದು ತಿಂಗಳ ಹಿಂದೆಯೇ ಕಾಗದ ಕೊಟ್ಟಿದ್ದರು. ಫೋಟೋ ಇದ್ದ ಕಾರ್ಡು ನೋಡದೆ ಯಾರನ್ನೂ ಕೂಡಿಸಬಾರದು, ಪರದೆ ಇರಬಾರದು, ಕಂಪ್ಯೂಟರಿನ ಮುಖ ರಸ್ತೆಗೆ ಇರಬೇಕು, ಬಂದವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಬಂದ ಉದ್ದೇಶ ರಜಿಸ್ಟರಿನಲ್ಲಿರಬೇಕು. ಬಸ್‌ಸ್ಟ್ಯಾಂಡ್ ಹತ್ತಿರದ ಕೆಫೆಯಲ್ಲಿ ಹುಡುಗರು ಹೊಲಸು ಚಿತ್ರ ನೋಡುತ್ತಾರೆ ಎಂದು ಊರ ಹಿರಿಯರು ದೂರು ಕೊಟ್ಟಿದ್ದರಿಂದ ಠಾಣೆಗೂ ಹುರುಪು ಬಂದಿತ್ತು. ನಿಖತಳ ಅಂಗಡಿಯಲ್ಲಿ ಪರದೆ ಇನ್ನೂ ತೂಗುತ್ತಿತ್ತು. ರಜಿಸ್ಟರಿನಲ್ಲಿ ಹೆಂಗಸರ ಗಂಡಂದಿರ ಕಾಲಂ ಖಾಲಿ ಇತ್ತು. ಕೇಳಿದರೆ ಅವರು ಹೇಳುತ್ತಿರಲಿಲ್ಲ, ನಗುತ್ತಿದ್ದರು. ನಿಖತ ಒತ್ತಾಯ ಮಾಡುತ್ತಿರಲಿಲ್ಲ. ಪೊಲೀಸರು ಪರದೆ ಕಿತ್ತು, ಆ ರಜಿಸ್ಟರ್ ಒಯ್ದರು. ಈ ನಿಯಮದ ಬಗ್ಗೆ ಬುಧವಾರ ಕರೆದಿದ್ದ ಸಾರ್ವಜನಿಕ ಸಭೆ ಮುಗಿಯುವವರೆಗೆ ಊರಿನ ಮೂರೂ ಕೆಫೆಗಳಿಗೆ ಕೀಲಿ ಹಾಕಿದರು. ಹುನಗುಂದದಲ್ಲೂ ಹಾಕಿದ್ದರು. ಮಾಲೀಕರು ಸಭೆಯಲ್ಲಿ ಹಾಜರಿರಲೇಬೇಕೆಂದು ಹೇಳಿದ್ದರಿಂದ ಉತ್ತರ ನೋಡಲು ನಿಖತ ಬಾಗಲಕೋಟೆಗೂ ಹೋಗುವಂತಿರಲಿಲ್ಲ. ಗುರುವಾರ ಮುಂಜಾನೆ ಆರರ ಬಸ್ಸಿಗೆ ಮುತ್ತವ್ವ ಹೊರಡಬೇಕಿತ್ತು.

ಸಭೆಗೆ ಹೆಂಗಸರನ್ನೂ ಕರೆದಿದ್ದರು. ಚಹಾ ಮಾಡಲಿಕ್ಕೆ. ಸ್ತ್ರೀಶಕ್ತಿ ಸಂಘದವರು ನೂರಿಪ್ಪತ್ತು ಮಂದಿಗೆ ಚಹಾ ಮತ್ತು ಒಗ್ಗರಣೆ ಅವಲಕ್ಕಿ ವ್ಯವಸ್ಥೆ ಮಾಡತಕ್ಕದ್ದು ಎಂದು ಹಿಂದಿನ ಸಂಜೆ ಹೇಳಿ ಕಳಿಸಿದ್ದರು. ಸರಕಾರ ಆ ಸಂಘಗಳನ್ನು ಮಾಡಿದ್ದು ಹೆಂಗಸರ ಕೈ ಬಲಪಡಿಸಲು, ಕಿಟ್ಲಿ ಎತ್ತಲು ಆ ಬಲ ಚೆನ್ನಾಗಿ ಉಪಯೋಗಕ್ಕೆ ಬರುತ್ತಿತ್ತು. ಹಿಂದಿನ ಅಂಗಳದ ಒಲೆಯ ಮುಂದೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹೆಂಗಸರಲ್ಲಿ ಆರು ಮಂದಿ ನಿಖತಳ ಮಧ್ಯಾಹ್ನದವರೇ. ಸಭೆ ಯಾರ ಬಗ್ಗೆಯೋ ಅವರು ಒಲೆಯ ಮುಂದೆ ಕೂತಿದ್ದರು. ಕಂಪ್ಯೂಟರ್ ಮುಟ್ಟದವರು ವೇದಿಕೆಯ ಮೇಲಿದ್ದರು.

ಮೊದಲು ಸೀರೆ ವ್ಯಾಪಾರಿ ಹನಮಪ್ಪ ಎದ್ದ. "ಸಾಹೇಬ್ರ, ಊರು ಕೆಟ್ಟು ಕೆರ ಹಿಡದೈತ್ರಿ. ಹುಡುಗೂರು ಮನ್ಯಾಗ ಊಟಾ ಬಿಟ್ಟು ಅಲ್ಲಿ ಬಿದ್ದಿರ್ತಾವ. ಹುಡುಗೂರ ಕತಿ ಹಿಂಗಾದ್ರ ಇನ್ನ ಹೆಣ್ಮಕ್ಕಳು ಪರದೆ ಒಳಗ ಏನ್ ನೋಡ್ತಾರೋ ಯಾರಿಗ್ಗೊತ್ತು?"

ನಿಖತ ಮಾಲೀಕರ ಸಾಲಿನ ಕೊನೆಯ ಕುರ್ಚಿಯಿಂದ ಎದ್ದಳು. ಇಡೀ ಸಭೆಯಲ್ಲಿ ಕುರ್ಚಿಯಲ್ಲಿದ್ದ ಹೆಂಗಸು ಅವಳೊಬ್ಬಳೇ. "ಕಾಕಾ, ಹೊಲಸು ನೋಡಿದೋರು ನಿಮ್ಮ ಹುಡುಗೂರು, ಬಸ್‌ಸ್ಟ್ಯಾಂಡ್ ಕಡೆ. ಪರದೆ ಕಿತ್ತಿದ್ದು ನನ್ನ ಅಂಗಡೀದು. ಇದ್ಯಾವ ನ್ಯಾಯ ಹೇಳ್ರಿ? ಕಾರ್ಡ್ ತರ್ರಿ ಅಂತೀರಿ. ಹೆಂಗಸ್ರ ಕಾರ್ಡು ಟ್ರಂಕಿನ್ಯಾಗ ಐತಿ. ಟ್ರಂಕಿನ ಕೀಲಿ ಅತ್ತಿ ಸೊಂಟದಾಗ ಐತಿ. ಇಲೆಕ್ಷನ್ ದಿನ ಬಿಟ್ರ ಹೊರಗ ಬರೂದಿಲ್ಲ."

ಗಂಡಸರು ಗೊಳ್ಳೆಂದು ನಕ್ಕರು. ಅವಳು ಜೋಕು ಹೇಳಿದಳು ಎಂದುಕೊಂಡಿದ್ದರು.

ಆಮೇಲೆ ವಿದ್ಯಾಗಿರಿಯ ಕಾಲೇಜಿನ ಪ್ರಾಧ್ಯಾಪಕ ಸೋಮಲಿಂಗ ಮಾತಾಡಿದರು. ನಿಯಮವನ್ನು ವಿರೋಧಿಸಲೆಂದೇ ಬಾಗಲಕೋಟೆಯಿಂದ ಬಂದವರು. ಒಳ್ಳೆಯ ಮಾತುಗಾರ. "ಅಂತರಜಾಲವು ಮುಕ್ತವಾಗಿರಬೇಕು. ನಾಗರಿಕನು ಏನನ್ನು ಓದುತ್ತಾನೆ ಎಂದು ಪ್ರಭುತ್ವವು ಬರೆದಿಡುವುದು ಸಂವಿಧಾನಕ್ಕೆ ಮಾಡುವ ಅವಮಾನ" ಎಂದರು. ಇಪ್ಪತ್ತು ನಿಮಿಷ ಮಾತಾಡಿದರು. ಮುತ್ತವ್ವ ಕಿಟ್ಲಿ ಹಿಡಿದು ಗೋಡೆಗೆ ನಿಂತು ಕೇಳಿದಳು. ಪ್ರತಿಯೊಂದು ಮಾತೂ ಸರಿ ಎನಿಸಿತು. ಈಗ ಪರದೆಯ ಮಾತು ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ನಿಖತಳೇ ಕೇಳಿದಳು, "ಸರ್, ಹೆಂಗಸ್ರ ಎರಡು ತಾಸಿನ ಬಗ್ಗೆನೂ ಒಂದು ಮಾತು ಹೇಳ್ರಿ."

"ಅದು ಸಣ್ಣ ವಿಷಯಮ್ಮಾ. ನಾವಿಲ್ಲಿ ತತ್ವದ ಚರ್ಚೆ ಮಾಡ್ತಾ ಇದ್ದೇವೆ. ಹೆಣ್ಣುಮಕ್ಕಳಿಗೆ ಮನೆಯವರು ಮನೆಯಲ್ಲೇ ಒಂದು ಕಂಪ್ಯೂಟರ್ ಕೊಡಿಸಿದರಾಯಿತು." ಹಾಗೆಂದು ಅವರು ಕೈ ಚಾಚಿದರು. ಮುತ್ತವ್ವ ಎರಡನೇ ಕಪ್ಪು ಕೊಟ್ಟಳು. ಅವರು ತೆಗೆದುಕೊಂಡರು, ಕೊಟ್ಟ ಕೈಯನ್ನು ನೋಡಲಿಲ್ಲ.

ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ಎದ್ದರು. ತುಮಕೂರು ಕಡೆಯವರು, ಸಭ್ಯ ಮಾತು. "ನೋಡಿ, ಸರ್ಕಾರ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುತ್ತಿಲ್ಲ. ಯಾರು ಬಂದರು, ಯಾಕೆ ಬಂದರು, ಅಷ್ಟು ಬರೆದಿಡಿ ಅಂತಿದ್ದೇವೆ. ಬರೆಯದಿದ್ದರೆ ಏನಾಗುತ್ತೆ, ಉದಾಹರಣೆ ತೋರಿಸ್ತೀನಿ." ಅವರು ನಿಖತಳ ರಜಿಸ್ಟರ್ ಬಿಡಿಸಿದರು. "ಇಲ್ಲಿ ಮುತ್ತವ್ವ ಅಂತ ಒಂದು ಹೆಸರು. ಗಂಡನ ಹೆಸರು ಖಾಲಿ. ಉದ್ದೇಶ, ಖಾಸಗಿ. ಒಂದೇ ವಾರದಲ್ಲಿ ನಾಲ್ಕು ಸಲ. ಯಾರಿವಳು? ಗಂಡನ ಹೆಸರು ಹೇಳೋಕೆ ಆಗದೇ ಇರೋ ಹೆಂಗಸು ಅಂದರೆ ಸುಳ್ಳು ಹೆಸರು ಅಂತಲೇ ಅರ್ಥ. ಈ ಅಂಗಡಿಯನ್ನು ನಾನು ಸೀಲ್ ಮಾಡಬೇಕಾಗುತ್ತೆ."

"ಖಾಸಗಿ ಅಂತಲೇ!" ಎಂದು ಹಿಂದಿನ ಸಾಲಿನಲ್ಲಿ ಯಾವನೋ ಸಿಳ್ಳೆ ಹಾಕಿದ. ಮೂರನೆಯ ಸಾಲಿನಲ್ಲಿ ನೇಕಾರರ ಜೊತೆ ಕೂತಿದ್ದ ಯಮನೂರಪ್ಪ ತಲೆ ಕೆಳಗೆ ಹಾಕಿದ.

ಸೀಲ್ ಎಂದರೆ ಅಂಗಡಿ ಇವತ್ತು ತೆರೆಯುವುದಿಲ್ಲ ಎಂದು ಮುತ್ತವ್ವನಿಗೆ ತಿಳಿಯಿತು. ಉತ್ತರ ಬಂದು ಆ ಡಬ್ಬಿಯೊಳಗೆ ಕೂತಿರಬಹುದು. ನಾಳೆ ಈ ಹೊತ್ತಿಗೆ ತಾನು ಆಪರೇಶನ್ ಮೇಜಿನ ಮೇಲಿರಬೇಕು. ಅವಳು ಕಿಟ್ಲಿ ಕೆಳಗಿಡಲಿಲ್ಲ. ಹಿಡಿದುಕೊಂಡೇ ನಡುವಿನ ದಾರಿಯಲ್ಲಿ ವೇದಿಕೆಯವರೆಗೆ ನಡೆದಳು.

"ಬರಕೋರಿ ಸಾಹೇಬ್ರ. ಯಮನೂರಪ್ಪ."

ಇನ್‌ಸ್ಪೆಕ್ಟರ್ ರಜಿಸ್ಟರಿನಿಂದ ತಲೆ ಎತ್ತಿದರು.

"ಯಮನೂರಪ್ಪ. ಅಗಾ ಅಲ್ಲಿ ಕುಂತಾನ, ಮೂರನೇ ಸಾಲಿನ್ಯಾಗ. ನಾ ಅವನ ಹೇಣ್ತಿ. ಸುಳ್ಳ ಹೆಸರಲ್ಲ ನಂದು. ನಮ್ಮಲ್ಲಿ ಗಂಡನ ಹೆಸರು ಹೇಳಬಾರದು ಅಂತ ಕಲಿಸಿದೋರೂ ನೀವ, ಹೇಳಲಿಲ್ಲ ಅಂತ ಕಳ್ಳಿ ಅನ್ನೋರೂ ನೀವ. ಇನ್ನ ಖಾಸಗಿ ಏನಂತ ಕೇಳಿದ್ರೆಲ್ಲ, ಅದನ್ನೂ ಬರಕೋರಿ. ನನಗ ಹತ್ತು ದಿನ ಮುಟ್ಟು ನಿಲ್ಲವಲ್ದು. ದಿನಕ್ಕ ಎಂಟು ಬಟ್ಟಿ ತೋಯ್ತಾವ. ನಾಳೆ ನನ್ನ ಚೀಲ ಕೊಯ್ತಾರ. ಕೊಯ್ಯೂದು ಖರೇನ ಬೇಕೇನು ಅಂತ ಕೇಳಾಕ ಹೋಗಿದ್ನಿ. ಇಲ್ಲಿ ಯಾರೂ ನನ್ನ ಕೇಳಲಿಲ್ಲ, ಅದಕ್ಕ ಅಲ್ಲಿ ಹೋದ್ನಿ. ಯಾರೋ ಸಿಳ್ಳೆ ಹಾಕಿದ್ರೆಲ್ಲ, ಈಗ ಹಾಕ್ರಿ ನೋಡೂಣು."

ಹನಮಪ್ಪ ಶಲ್ಯದಿಂದ ಮುಖ ಒರೆಸಿಕೊಂಡ. ಪ್ರಾಧ್ಯಾಪಕರು ಖಾಲಿ ಕಪ್ಪಿನೊಳಗೆ ಏನನ್ನೋ ನೋಡುತ್ತಿದ್ದರು. ಯಮನೂರಪ್ಪ ಎದ್ದು, ಮಂದಿಯ ಕಾಲು ತುಳಿಯುತ್ತ ಹೊರಗೆ ಹೋದ.

"ಆಯ್ತಮ್ಮಾ, ಆಯ್ತು, ಕೂತ್ಕೊಳ್ಳಿ" ಎಂದರು ಇನ್‌ಸ್ಪೆಕ್ಟರ್. ಕೂಡಲು ಅವಳಿಗೆ ಅಲ್ಲಿ ಕುರ್ಚಿ ಇರಲಿಲ್ಲ.

"ಕೂಡೂದು ಬ್ಯಾಡ್ರಿ. ಕೀಲಿ ಕೊಡ್ರಿ. ನನಗ ಇವತ್ತ ನೋಡಬೇಕು."

ಅವರು ಪಕ್ಕದವರ ಜೊತೆ ಪಿಸುಗುಟ್ಟಿದರು. ಸೀಲ್ ಮಾಡುವುದಿಲ್ಲ, ಆದರೆ ಪರದೆ ಇರಕೂಡದು, ಕಂಪ್ಯೂಟರಿನ ಮುಖ ರಸ್ತೆಗೆ ಇರಬೇಕು, ಕಾರ್ಡಿಲ್ಲದೆ ಯಾರೂ ಕೂಡಕೂಡದು ಎಂದು ಮೂರು ಷರತ್ತು ಹೇಳಿ ಕೀಲಿಯನ್ನು ನಿಖತಳ ಕೈಗೆ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಒಬ್ಬ ಹೆಂಗಸು ತನ್ನ ಬಟ್ಟೆಯ ಲೆಕ್ಕವನ್ನು ಊರ ಮುಂದೆ ಬಿಚ್ಚಿಟ್ಟ ಮೇಲೆ ಸಿಕ್ಕದ್ದು, ತಿಂಗಳ ಹಿಂದಿನ ಕಾಗದದಲ್ಲಿ ಇದ್ದ ಅದೇ ಮೂರು ಷರತ್ತು.

ಮುತ್ತವ್ವ ಮನೆಗೆ ಹೋದಾಗ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಗುರುಲಿಂಗವ್ವ ಕಂಡಿಕೆಯ ರಾಟಿಯ ಮುಂದೆ ಕೂತಿದ್ದಳು.

"ಅಷ್ಟು ಮಂದಿ ಮುಂದ ಹೆಸರು ಹೇಳಿದೇನ?"

"ಹೇಳಿದ್ನಿ."

"ಏನಾತು?"

"ಏನೂ ಆಗಲಿಲ್ಲ. ಗಟ್ಟಿಮುಟ್ಟಾಗಿ ಎದ್ದು ಹ್ವಾದ್ರು. ಅತ್ತಿ, ಟ್ರಂಕಿನ ಕೀಲಿ ಕೊಡ್ರಿ. ನನ್ನ ಓಟಿನ ಕಾರ್ಡ್ ಬೇಕು."

ಮುದುಕಿ ರಾಟಿ ನಿಲ್ಲಿಸಿ ಸೊಸೆಯನ್ನು ನೋಡಿದಳು. ಬೈಯುತ್ತಾಳೆ ಎಂದು ಮುತ್ತವ್ವ ಕಾದಳು. ಗುರುಲಿಂಗವ್ವ ಸೊಂಟದಿಂದ ಕೀಲಿ ಬಿಚ್ಚಿ ನೆಲದ ಮೇಲೆ ಸರಿಸಿದಳು. "ಶಾರವ್ವನ್ನ ದಿನಾ ನೋಡ್ತೇನಲ್ಲ ನಾನೂ" ಎಂದಳು. ಮತ್ತೆ ರಾಟಿ ತಿರುಗಿಸಿದಳು.

ಅಂಗಡಿಯಲ್ಲಿ ಕಂಪ್ಯೂಟರನ್ನು ಆಗಲೇ ರಸ್ತೆಗೆ ತಿರುಗಿಸಿದ್ದರು. ಲಾಡಬಿ ಪರದೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎದುರಿನ ಪಾನ್ ಅಂಗಡಿಯ ಮುಂದೆ ಹತ್ತು ಹನ್ನೊಂದು ಗಂಡಸರು ಎಲೆ ಹಾಕಿಕೊಳ್ಳುವ ನೆಪದಲ್ಲಿ ನಿಂತಿದ್ದರು. ಮುತ್ತವ್ವ ಅವರಿಗೆ ಬೆನ್ನು ಮಾಡಿ ಕೂತಳು. ಉತ್ತರ ಹಿಂದಿನ ದಿನವೇ ಬಂದಿತ್ತು.

ನಿಖತ ಬಾಯಿಯನ್ನು ಅವಳ ಕಿವಿಗೆ ತಂದು ಓದಿದಳು. ನೀವು ಬರೆದ ಅಳತೆ ಸರಿಯಿದ್ದರೆ ಗಂಟು ಚಿಕ್ಕದು. ಅಷ್ಟಕ್ಕೇ ಚೀಲ ತೆಗೆಯಬೇಕಾಗಿಲ್ಲ. ಮೊದಲು ಗುಳಿಗೆಯಿಂದ ನೋಡಬಹುದು. ರಕ್ತ ಪರೀಕ್ಷೆ ಮಾಡಿಸಿ. ಈಮೇಲ್ ನೋಡಿ ನಿರ್ಧಾರ ಮಾಡಬೇಡಿ, ಅವಸರವೂ ಮಾಡಬೇಡಿ, ಇನ್ನೊಬ್ಬ ಡಾಕ್ಟರಿಗೆ ಖುದ್ದಾಗಿ ತೋರಿಸಿ. ಕೊನೆಯ ಸಾಲು, ತೆಗೆಸುವುದೋ ಬಿಡುವುದೋ ಎಂಬುದು ನಿಮ್ಮ ತೀರ್ಮಾನ.

"ಕಡೀದು ಇನ್ನೊಮ್ಮೆ ಓದು" ಎಂದಳು ಮುತ್ತವ್ವ.

ಗುರುವಾರ ನಸುಕಿನಲ್ಲಿ ಯಮನೂರಪ್ಪ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. "ನಡಿ, ಬಸ್ ಬರ್ತೈತಿ. ಊರಾಗ ತಲಿ ಎತ್ತದಂಗ ಮಾಡಿದಿ, ಇನ್ನ ಇದರ ಮುಗೀಲಿ."

"ಬಾಗಲಕೋಟಿಗೆ ಹೋಗ್ತೇನಿ. ಆ ದವಾಖಾನಿಗಲ್ಲ. ನಿಖತ ಬರ್ತಾಳ ಜೋಡಿ, ಬ್ಯಾರೆ ಡಾಕ್ಟರಗ ತೋರಿಸ್ತೇನಿ. ಚೀಲ ತಗಸೂದಿಲ್ಲ."

"ಮಗ್ಗದ ಮ್ಯಾಲ ಹಾಸು ಏರಿಸಿಟ್ಟೇನಿ. ಕೊಂಡಿ ಯಾರು ಹಾಕಬೇಕು?"

"ನೀವ ಹಾಕ್ರಿ. ಹಾಸೂ ನಿಮ್ದು, ಮಗ್ಗಾನೂ ನಿಮ್ದು. ಬೆಳಕು ಚಲೋ ಬೀಳ್ತೈತಿ ಕಿಡಕಿ ಹತ್ರ. ಸುಮಾ ಕಾಲೇಜಿಗೆ ಹೋಗ್ತಾಳ, ಅಕಿನ್ನ ಕರೀಬ್ಯಾಡ್ರಿ."

ಆ ದಿನ ಅವಳು ಸಂಜೆ ಮರಳಿದಾಗ ಮೂವತ್ತೋ ನಲವತ್ತೋ ಕೊಂಡಿ ಬಿದ್ದಿದ್ದವು. ಅರ್ಧದಷ್ಟು ಸಡಿಲ. ಇಡೀ ಜನ್ಮ ನೇಕಾರನಾಗಿ ಬಾಳಿದವನಿಗೆ ಸೀರೆಯ ನಡುವಿನ ಆ ಕೆಲಸ ಬರುತ್ತಿರಲಿಲ್ಲ. ಅವಳು ಎಲ್ಲವನ್ನೂ ಬಿಚ್ಚಿದಳು.

ಎರಡನೆಯ ಡಾಕ್ಟರು ಬರೆದುಕೊಟ್ಟ ಗುಳಿಗೆ ನಾಲ್ಕು ತಿಂಗಳು ನಡೆಯಿತು. ಹತ್ತು ದಿನ ಆರಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಸಭೆಯ ಬಗ್ಗೆ ಪ್ರಾಧ್ಯಾಪಕರು ಪತ್ರಿಕೆಗೆ ಬರೆದರು. ಮುಕ್ತ ಅಂತರಜಾಲ ಕುರಿತ ಚರ್ಚೆ ಇಳಕಲ್ಲಿನಲ್ಲಿ ಫಲಪ್ರದವಾಗಿ ನಡೆಯಿತೆಂದೂ, ಮಹಿಳೆಯರೂ ಉತ್ಸಾಹದಿಂದ ಪಾಲ್ಗೊಂಡು ಉಪಾಹಾರದ ವ್ಯವಸ್ಥೆ ಮಾಡಿದ್ದರೆಂದೂ ಅದರಲ್ಲಿತ್ತು. ಬಸ್‌ಸ್ಟ್ಯಾಂಡಿನ ಹುಡುಗರು ಅಣ್ಣಂದಿರ ಕಾರ್ಡು ತೋರಿಸಿ ನೋಡುವುದನ್ನು ನೋಡುತ್ತಲೇ ಇದ್ದರು.

ನಿಖತಳ ಅಂಗಡಿಗೆ ಬರುತ್ತಿದ್ದ ಹದಿನಾಲ್ಕು ಹೆಂಗಸರಲ್ಲಿ ಹದಿಮೂರು ಮಂದಿ ಮತ್ತೆ ಬರಲಿಲ್ಲ. ಬಾ ಎಂದು ಮುತ್ತವ್ವ ಮನೆಮನೆಗೆ ಹೋಗಿ ಕರೆದಳು. "ನಿನಗೇನವ್ವ, ನಿಂದೆಲ್ಲ ಊರಿಗೆ ಗೊತ್ತಾಗೈತಿ. ನಮ್ದು ಗೊತ್ತಾಗೂದು ಬ್ಯಾಡ" ಎಂದು ಶಾರವ್ವನೇ ಹೇಳಿ ಬಾಗಿಲು ಹಾಕಿಕೊಂಡಳು.

ಆ ವರ್ಷದ ರಜಿಸ್ಟರಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಎದುರು ಒಂದೇ ಹೆಸರಿದೆ. ಏಳನೇ ಇಯತ್ತೆವರೆಗೆ ಸಾಲೆ ಕಲಿತ ದುಂಡು ಅಕ್ಷರ, ಅವಳದೇ ಕೈಬರಹ. ಗಂಡನ ಕಾಲಂ ಮೊದಲಿನಂತೆ ಖಾಲಿ. ತಿಂಗಳಿಗೊಮ್ಮೆ ರಜಿಸ್ಟರ್ ನೋಡಲು ಬರುವ ಪೇದೆ ಒಂದು ಸಲ ಅದರ ಮೇಲೆ ಬೆರಳಿಟ್ಟು ಕೇಳಿದ.

"ಊರ ಮುಂದ ಹೇಳೀನಲ್ಲ" ಎಂದಳು ಮುತ್ತವ್ವ, ರಸ್ತೆಗೆ ಬೆನ್ನು ಮಾಡಿ ಕೂತಲ್ಲಿಂದಲೇ. "ನೆನಪಿಲ್ಲಂದ್ರ ನಿಮ್ಮ ಸಾಹೇಬ್ರನ್ನ ಕೇಳ್ರಿ."

ಅವಳ ಓಟಿನ ಕಾರ್ಡು ಆಮೇಲೆ ಟ್ರಂಕಿಗೆ ಮರಳಲಿಲ್ಲ. ಎಲೆಅಡಿಕೆಯ ಚೀಲದಲ್ಲಿ, ಅವಳ ಸೊಂಟದಲ್ಲಿ ಇರುತ್ತಿತ್ತು.